ಎಣಿಸದೆ ಬರೆದ ಸಂಖ್ಯೆ

ಇಲ್ಲಿ ಹೇಳಹೊರಟಿರುವುದರಲ್ಲಿ ಎಷ್ಟು ನಿಜವಾಗಿ ನಡೆಯಿತು, ಎಷ್ಟನ್ನು ನಡೆಯಿತೆಂದು ನಾನು ಆಮೇಲೆ ಅಂದುಕೊಂಡೆ ಎನ್ನುವುದು ನನಗೇ ಖಚಿತವಿಲ್ಲ. ಕೊಲ್ಲಿ ಇದೆ, ಅದು ನಿಜ. ಅದರ ದಂಡೆಯಲ್ಲಿ ಕೆಂಪು ಬಣ್ಣದ ಮರದ ಕ್ಯಾಬಿನ್ ಒಂದಿತ್ತು, ಈಗಿಲ್ಲ, ಅದೂ ನಿಜ. ಅದು ಇಲ್ಲದ ಚಿತ್ರವನ್ನು ನಾನು ಮೊದಲು ಯಾವಾಗ ಕಂಡೆ ಎನ್ನುವಲ್ಲಿ ಮಾತ್ರ ನನ್ನ ಕಾಲು ಜಾರುತ್ತದೆ.

ಇಂಥ ಕಥೆಗಳನ್ನು ನಂಬಿದವನಲ್ಲ ನಾನು. ಮೈಸೂರಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಓದುತ್ತಿದ್ದಾಗ, ನಮ್ಮ ಚಿಕ್ಕಮ್ಮ ಯಾರದೋ ಸಾವಿನ ಸುದ್ದಿ ಕೇಳಿ "ನಂಗೆ ಮೊದ್ಲೇ ಕನಸು ಬಿದ್ದಿತ್ತು" ಎಂದರೆ, "ಬಿದ್ದ ದಿನ ಬರೆದಿಟ್ಟಿದ್ರಾ ಚಿಕ್ಕಮ್ಮ?" ಎಂದು ಕೇಳುತ್ತಿದ್ದೆ. ಅವರು ಸುಮ್ಮನಾಗುತ್ತಿದ್ದರು. ಅವರನ್ನು ಸುಮ್ಮನಾಗಿಸಿದ್ದಕ್ಕೆ ನನಗೆ ಹೆಮ್ಮೆಯೂ ಆಗುತ್ತಿತ್ತು. ಮನುಷ್ಯನ ನೆನಪು ಘಟನೆ ನಡೆದ ಮೇಲೆ ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ ಎಂಬುದನ್ನು ಓದಿ ತಿಳಿದಿದ್ದೆ. ಈಗಲೂ ಅದನ್ನು ನಂಬುತ್ತೇನೆ. ಆದ್ದರಿಂದಲೇ ಇದನ್ನು ಬರೆಯುವುದು ಕಷ್ಟವಾಗಿದೆ.

ಡಬ್ಲಿನ್‌ನಲ್ಲಿ ಎಂ.ಎಸ್ಸಿ. ಮುಗಿಸಿದ ಮೇಲೆ ನನಗೆ ಸಿಕ್ಕ ಮೊದಲ ಕೆಲಸ ಪೆಂಗ್ವಿನ್ ಎಣಿಸುವುದು. ಗ್ರ್ಯಾಂಡ್ ಕೆನಾಲ್ ಡಾಕ್‌ನ ಗಾಜಿನ ಕಟ್ಟಡಗಳ ಹಿಂದಿನ ಓಣಿಯಲ್ಲಿ, ಮೊದಲ ಮಹಡಿಯ ಎರಡು ಕೋಣೆಗಳಲ್ಲಿ ಒಂದು ಸಣ್ಣ ಸಂಶೋಧನಾ ಗುಂಪಿತ್ತು. ಜಗತ್ತಿನ ತಳಭಾಗದಲ್ಲಿ, ಅಂಟಾರ್ಕ್ಟಿಕಕ್ಕೆ ಸ್ವಲ್ಪ ಮೇಲೆ, ಮರವೆಂಬುದೇ ಇಲ್ಲದ ಒಂದು ದ್ವೀಪದ ಮೂರು ಕೊಲ್ಲಿಗಳಲ್ಲಿ ಅವರ ಕ್ಯಾಮೆರಾಗಳು ಕಬ್ಬಿಣದ ಕಂಬಗಳ ಮೇಲೆ ನಿಂತಿದ್ದವು. ಬೆಳಕಿರುವಷ್ಟು ಹೊತ್ತು ಗಂಟೆಗೊಂದು ಚಿತ್ರ. ಅವುಗಳ ಚಿಕ್ಕ ಪ್ರತಿ ಉಪಗ್ರಹದ ಮೂಲಕ ಮರುದಿನ ನಮಗೆ ಬರುತ್ತಿತ್ತು. ದೊಡ್ಡ ಪ್ರತಿ ಕ್ಯಾಮೆರಾದ ಕಾರ್ಡಿನಲ್ಲೇ ಉಳಿದು, ವರ್ಷಕ್ಕೊಮ್ಮೆ ಹಡಗಿನಲ್ಲಿ ಬರುತ್ತಿತ್ತು.

ಮೂರರಲ್ಲಿ ಒಂದು ಕೊಲ್ಲಿ ನನಗೆ ನಾನಿದ್ದ ಬೀದಿಗಿಂತ ಚೆನ್ನಾಗಿ ಗೊತ್ತಿತ್ತು. ಕಪ್ಪು ಮರಳಿನ ದಂಡೆ. ಎಡಕ್ಕೆ ಬಂಡೆಗಳ ಮೇಲೆ ಬೆಲ್ಟುಗಳ ರಾಶಿಯ ಹಾಗೆ ಏರಿಳಿಯುವ ದಪ್ಪ ಕಡಲಪಾಚಿ. ಹಿಂದೆ ಗುಪ್ಪೆ ಗುಪ್ಪೆಯಾಗಿ ಬೆಳೆದ ಹಳದಿ ಹುಲ್ಲಿನ ಏರು, ಅದರಾಚೆ ಕಣಿವೆ, ಕಣಿವೆಯ ತುದಿಯಲ್ಲಿ ಕೊಳಕು ಬಿಳುಪಿನ ಹಿಮನದಿ. ಅಲ್ಲಿಂದ ಇಳಿದು ಬರುವ ತೊರೆಯ ಪಕ್ಕದಲ್ಲಿ, ಚಿತ್ರದ ಬಲ ಮೂಲೆಗೆ, ಆ ಕೆಂಪು ಕ್ಯಾಬಿನ್. ದಂಡೆಯ ತುಂಬ ಕಿಂಗ್ ಪೆಂಗ್ವಿನ್‌ಗಳು. ಕಂದು ತುಪ್ಪಳದ ಮರಿಗಳು ದೊಡ್ಡವಕ್ಕಿಂತ ದಪ್ಪಗೆ ಕಂಡು, ಯಾರೋ ಕಂಬಳಿ ಹೊದಿಸಿ ನಿಲ್ಲಿಸಿ ಮರೆತುಬಿಟ್ಟ ಮಕ್ಕಳಂತೆ ನಿಂತಿರುತ್ತಿದ್ದವು. ಸೆಪ್ಟೆಂಬರ್ ಬಂತೆಂದರೆ ಎಲಿಫೆಂಟ್ ಸೀಲ್ ಎಂಬ ದೈತ್ಯ ಕಡಲಪ್ರಾಣಿಗಳು ಮರಿ ಹಾಕಲು ದಂಡೆಗೆ ಹತ್ತುತ್ತಿದ್ದವು. ಅವುಗಳಲ್ಲಿ ಒಂದು ಭಾರಿ ಗಂಡು ಎಲ್ಲರ ದಾರಿಗೆ ಅಡ್ಡವಾಗಿ, ಯಾರಿಗೂ ಜಗ್ಗದೆ ಬಿದ್ದಿರುತ್ತಿತ್ತು. ಅದಕ್ಕೆ ನಾನು ತಹಶೀಲ್ದಾರ್ ಎಂದು ಹೆಸರಿಟ್ಟಿದ್ದೆ. ಸತ್ತ ಮರಿಗಳ ಸುತ್ತ ಜೈಂಟ್ ಪೆಟ್ರೆಲ್ ಎಂಬ ದೊಡ್ಡ ಹಕ್ಕಿಗಳು ಕತ್ತಿನವರೆಗೂ ರಕ್ತ ಮೆತ್ತಿಕೊಂಡು ರೆಕ್ಕೆ ಹರಡಿ ನಿಲ್ಲುತ್ತಿದ್ದವು. ಚಿತ್ರಗಳಿಗೆ ಸದ್ದಿರಲಿಲ್ಲ. ಅಷ್ಟೊಂದು ಪ್ರಾಣಿಗಳು ಬಾಯಿ ತೆರೆದು ನಿಂತಿರುವುದನ್ನು ದಿನವಿಡೀ ಸದ್ದಿಲ್ಲದೆ ನೋಡುವುದು ಮನಸ್ಸಿಗೆ ಅಷ್ಟು ಒಳ್ಳೆಯದಲ್ಲ ಎಂದು ಈಗ ಅನ್ನಿಸುತ್ತದೆ.

ಕೆಲಸದ ರೀತಿ ಸ್ವಲ್ಪ ಹೇಳಬೇಕು, ಇಡೀ ಸಂಗತಿ ಅದರ ಮೇಲೇ ನಿಂತಿದೆ. ಪ್ರತಿ ಪೆಂಗ್ವಿನ್ ಮೇಲೂ ಒಂದು ಚುಕ್ಕೆ ಒತ್ತಬೇಕು. ಮಂಜು ಮುಸುಕಿದ ಚಿತ್ರಗಳಿಗಾಗಿ ಸಂಖ್ಯೆಯನ್ನು ನೇರವಾಗಿ ಬರೆಯಲು ಮೂಲೆಯಲ್ಲಿ ಒಂದು ಚೌಕವಿತ್ತು. ಯಾವ ಚಿತ್ರಕ್ಕೂ ದಿನಾಂಕ ಕಾಣಿಸುತ್ತಿರಲಿಲ್ಲ, ಎಲ್ಲವನ್ನೂ ಕಲಸಿ ಕೊಡುತ್ತಿದ್ದರು. ನಾವು ಒಂದೇ ಹದದಲ್ಲಿ ಎಣಿಸುತ್ತೇವೆಯೇ ಎಂದು ಪರೀಕ್ಷಿಸಲು, ಹಿಂದೆ ಎಣಿಸಿದ ಕೆಲವು ಚಿತ್ರಗಳನ್ನು ಹೇಳದೆ ಮತ್ತೆ ಸೇರಿಸುತ್ತಿದ್ದರು. ಹಾಗಾಗಿ 'ಇದನ್ನು ಎಲ್ಲೋ ನೋಡಿದ್ದೇನಲ್ಲ' ಎಂಬ ಭಾವನೆ ನಮ್ಮ ಕೆಲಸದಲ್ಲಿ ಮಾಮೂಲು. ಮತ್ತೆ ಬಂದದ್ದು ಎಂದು ಗೊತ್ತಾದರೂ ಹೊಸದಾಗಿಯೇ ಎಣಿಸಬೇಕು ಎಂಬುದು ಮೊದಲ ದಿನವೇ ಹೇಳಿಕೊಟ್ಟ ನಿಯಮ.

ಆ ಅಕ್ಟೋಬರಿನಲ್ಲಿ ನಾನು ಆ ನಿಯಮ ಮುರಿದೆ. ಒಂದು ಬೆಳಿಗ್ಗೆ ಚಿತ್ರ ತೆರೆದ ಕೂಡಲೇ ಗುರುತು ಸಿಕ್ಕಿತು. ಬಲಗಡೆ ಮಂಜು, ನಡುವೆ ಒಂದು ಹೆಣದ ಸುತ್ತ ಮೂರು ಪೆಟ್ರೆಲ್‌ಗಳು. ಇನ್ನೂರ ಹನ್ನೆರಡು ಎಂಬ ಸಂಖ್ಯೆ ತಾನಾಗಿ ನೆನಪಾಯಿತು. ಮತ್ತೆ ಬಂದ ಚಿತ್ರ ಎಂದುಕೊಂಡೆ. ಚುಕ್ಕೆ ಒತ್ತಲಿಲ್ಲ, ಚೌಕದಲ್ಲಿ ೨೧೨ ಎಂದು ಬರೆದು ಮುಂದೆ ಹೋದೆ. ಎರಡು ವಾರಗಳಲ್ಲಿ ಹೀಗೆ ಆರೇಳು ಸಲ ಆಯಿತು. ನನ್ನ ಜ್ಞಾಪಕಶಕ್ತಿಯ ಬಗ್ಗೆ ಸ್ವಲ್ಪ ಜಂಬವೂ ಬಂದಿತ್ತು.

ನಮ್ಮ ಗುಂಪಿನ ಮುಖ್ಯಸ್ಥೆ ನೊರೀನ್. ಐವತ್ತರ ಹೆಂಗಸು, ಜೋರು ದನಿ, ಮೇಜಿನ ಮೇಲೆ ಯಾವಾಗಲೂ ತಣ್ಣಗಾದ ಟೀ. ಅವರ ಗಂಡ ಕೋಲಮ್ ಆ ದ್ವೀಪದಲ್ಲೇ ಒಂದು ವರ್ಷದ ಕೆಲಸಕ್ಕೆ ಹೋಗಿದ್ದರು. ಒಂದು ಶುಕ್ರವಾರದ ಮೀಟಿಂಗಿನಲ್ಲಿ ನೊರೀನ್ ನಗುತ್ತ, "ಒಂದು ವಿಷಯ ನಿಮಗ್ಯಾರಿಗೂ ಗೊತ್ತೇ ಆಗಿಲ್ಲ ಅನ್ನಿಸತ್ತೆ. ಹೊಸ ಸಾಫ್ಟ್‌ವೇರ್ ಹಾಕಿದಾಗಿನಿಂದ ರಿಪೀಟ್ ಚಿತ್ರಗಳು ಬರ್ತಾ ಇಲ್ಲ. ಆಗಸ್ಟ್ ಕೊನೆಯಿಂದ ಒಂದೂ ಬಂದಿಲ್ಲ" ಎಂದರು.

"ಒಂದೂ ಇಲ್ವಾ?" ಎಂದೆ.

"ನಾನೇ ಅಲ್ವಾ ನಿಲ್ಲಿಸಿದ್ದು? ಮುಂದಿನ ತಿಂಗಳು ಮತ್ತೆ ಶುರು ಮಾಡ್ತೀವಿ. ಯಾಕೆ, ನಿಂಗೆ ಬೇಜಾರಾಯ್ತಾ?" ಎಲ್ಲರೂ ನಕ್ಕರು. ಆಮೇಲೆ ಅವರು, ಕೋಲಮ್ ಮತ್ತು ಇನ್ನೊಬ್ಬರು ಮುಂದಿನ ವಾರದ ಭಾನುವಾರ ಆ ಕೆಂಪು ಕ್ಯಾಬಿನ್ನಿಗೆ ಹೋಗಿ ಮೂರು ವಾರ ಇದ್ದು ಸೀಲ್ ಮರಿಗಳ ತೂಕ ನೋಡುತ್ತಾರೆ ಎಂದೂ ಹೇಳಿದರು.

ಮೀಟಿಂಗ್ ಮುಗಿದ ಮೇಲೆ ಇನ್ನೂರ ಹನ್ನೆರಡರ ಚಿತ್ರವನ್ನು ಹುಡುಕಿ ತೆರೆದು ಒಂದೊಂದಾಗಿ ಎಣಿಸಿದೆ. ಇನ್ನೂರ ಹನ್ನೆರಡೇ ಇತ್ತು. ಅಂದಾಜು ಅಭ್ಯಾಸವಾಗಿರಬೇಕು, ಕಣ್ಣು ಮೊದಲೇ ಎಣಿಸಿರಬೇಕು, ಅದನ್ನೇ ನಾನು ನೆನಪು ಎಂದುಕೊಂಡಿರಬೇಕು ಎಂದು ಸಮಾಧಾನ ಹೇಳಿಕೊಂಡೆ. ಆದರೆ ಬಸ್ಸಿನಲ್ಲಿ ಮನೆಗೆ ಹೋಗುವಾಗ ಇನ್ನೊಂದು ವಿಷಯ ಹೊಳೆಯಿತು. ಇನ್ನೂ ಮೂರು ಚಿತ್ರಗಳು ನನಗೆ ಸ್ಪಷ್ಟವಾಗಿ ನೆನಪಿದ್ದವು. ಆದರೆ ಅವನ್ನು ಯಾವ ದಿನ ಎಣಿಸಿದೆ ಎಂದು ಮಾತ್ರ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ಡಬ್ಲಿನ್‌ನ ಬ್ಯೂಮಾಂಟ್ ಬಡಾವಣೆಯಲ್ಲಿ ನಾನು ಪ್ರಸಾದನ ಜೊತೆ ಮನೆ ಹಂಚಿಕೊಂಡಿದ್ದೆ. ಅವನು ನರ್ಸ್, ಊರು ಹಾಸನ. ಆ ಸಂಜೆ ಒಂದು ಹಾಳೆಯಲ್ಲಿ ಆ ಮೂರು ಚಿತ್ರಗಳ ವಿವರ ಬರೆದೆ. ಒಂದು: ತೊರೆಯ ಬಾಯಲ್ಲಿ ಒಂಟಿ ಲೆಪರ್ಡ್ ಸೀಲ್, ಅದರಿಂದ ದೂರ ಸರಿದು ನಿಂತ ಪೆಂಗ್ವಿನ್‌ಗಳು, ೧೪೮. ಎರಡು: ಹಿಮ, ಗುಂಪಾಗಿ ಮುದುಡಿದ ಮರಿಗಳು, ೯೦. ಮೂರು: ದಂಡೆ ಖಾಲಿ, ತಹಶೀಲ್ದಾರ್ ಇಲ್ಲ, ತೊರೆ ಅಗಲವಾಗಿ ಕೆಸರು ಬಣ್ಣ, ಪೆಂಗ್ವಿನ್‌ಗಳೆಲ್ಲ ಮೇಲೆ ಹುಲ್ಲಿನಲ್ಲಿ ಕಡಲಿಗೆ ಬೆನ್ನು ಹಾಕಿ ಕಣಿವೆಯ ಕಡೆ ನೋಡುತ್ತಿವೆ, ೬೩. ಬಲ ಮೂಲೆಯಲ್ಲಿ ಕೆಂಪು ಇಲ್ಲ.

ಗಾಳಿಗೆ ಕ್ಯಾಮೆರಾ ತಿರುಗಿರಬೇಕು, ಅದಕ್ಕೇ ಕ್ಯಾಬಿನ್ ಕಾಣುತ್ತಿಲ್ಲ ಎಂದು ಆ ಚಿತ್ರ ನೋಡಿದಾಗ ಅಂದುಕೊಂಡದ್ದೂ ನೆನಪಿತ್ತು. ನೋಡಿದಾಗ ಎಂದರೆ ಯಾವಾಗ? ಅದೇ ಗೊತ್ತಿರಲಿಲ್ಲ. ಹಾಳೆಯನ್ನು ಲಕೋಟೆಯಲ್ಲಿ ಹಾಕಿ ಅಂಟಿಸಿ ಪ್ರಸಾದನಿಗೆ ಕೊಟ್ಟೆ.

"ಏನೋ ಇದು, ವಿಲ್ ಬರೆದ್ಯಾ?"

"ನಾನು ಹೇಳೋವರೆಗೂ ತೆಗೀಬೇಡ. ದಿನಾಂಕ ನೀನೇ ಬರಿ ಮೇಲೆ."

"ಹುಚ್ಚು ಹಿಡಿಯೋ ಹಂಗಿದ್ರೆ ಮೊದ್ಲೇ ಹೇಳ್ಬಿಡು ಮಗಾ. ನಮ್ಮಲ್ಲಿ ಬೆಡ್ ಸಿಗೋದು ಕಷ್ಟ." ಹಾಗೆಂದು ದಿನಾಂಕ ಬರೆದು, ಲಕೋಟೆಯನ್ನು ತನ್ನ ವೀಸಾ ಕಾಗದಗಳ ಫೈಲಿನಲ್ಲಿಟ್ಟ.

ಬುಧವಾರ ಲೆಪರ್ಡ್ ಸೀಲ್ ಬಂತು. ಚಿತ್ರದಲ್ಲಿ ಅದು ತೊರೆಯ ಬಾಯಲ್ಲಿ ತಲೆ ಎತ್ತಿ, ಹಾವಿನ ತಲೆಯಂಥ ಆ ದೊಡ್ಡ ತಲೆಯನ್ನು ಕ್ಯಾಮೆರಾ ಕಡೆ ತಿರುಗಿಸಿ ಮಲಗಿತ್ತು. ಚಿತ್ರದ ನಂಬರ್ ಹೇಳಿ ದಿನಾಂಕ ಕೇಳಿದ್ದಕ್ಕೆ ನೊರೀನ್ "ನಿನ್ನೆಯದು" ಎಂದರು. ಆ ಸಂಜೆ ಲ್ಯಾಪ್‌ಟಾಪಿನಲ್ಲಿ ಪ್ರಸಾದನಿಗೆ ತೋರಿಸಿ, ಅವನ ಪಾಡಿಗೆ ಅವನನ್ನು ಎಣಿಸಲು ಬಿಟ್ಟೆ. ಅವನು ಹಲ್ಲುಕಡ್ಡಿಯಲ್ಲಿ ಪರದೆಯ ಮೇಲೆ ಒಂದೊಂದನ್ನೇ ತೋರಿಸುತ್ತ ಹೋದ.

"ಇದು ಪೆಂಗ್ವಿನ್ನೋ ಕಲ್ಲೋ?"

"ಕಲ್ಲು."

"ಅಲ್ಲಾಡ್ತು ಕಣೋ."

"ಫೋಟೋದಲ್ಲಿ ಹೆಂಗೋ ಅಲ್ಲಾಡತ್ತೆ?"

ಅವನ ಎಣಿಕೆ ನೂರ ನಲವತ್ತಾರು. ನನ್ನದು ನೂರ ನಲವತ್ತೆಂಟು. ಆದರೆ ನಾನು ಹುಡುಕುತ್ತಿದ್ದ ಸಂಖ್ಯೆ ನನಗೆ ಮೊದಲೇ ಗೊತ್ತಿತ್ತಲ್ಲ. ಲಕೋಟೆ ತೆರೆದು ಓದಿದ ಮೇಲೆ ಪ್ರಸಾದ ತಮಾಷೆ ನಿಲ್ಲಿಸಿದ.

"ಮೂರನೇದ್ರಲ್ಲಿ ಮನೆ ಇಲ್ಲ ಅಂತ ಬರ್ದಿದೀಯ. ಅಲ್ಲಿ ಯಾರಾದ್ರೂ ಇರ್ತಾರಾ?"

"ಭಾನುವಾರದಿಂದ ಇಬ್ರು. ಒಬ್ರು ನಮ್ಮ ಬಾಸ್ ಗಂಡ."

"ಹಂಗಾದ್ರೆ ಹೇಳ್ಬಿಡು."

"ಏನಂತ ಹೇಳ್ಲಿ? ನಾಳೆ ಬರೋ ಫೋಟೋ ನಂಗೆ ನೆನಪಿದೆ ಅಂತನಾ?"

"ವಾರ್ಡಲ್ಲಿ ರೀಡಿಂಗ್ ಎಲ್ಲ ನಾರ್ಮಲ್ ಇದ್ರೂ, ಪೇಷಂಟ್ ನೋಡಿದ್ರೆ ಯಾಕೋ ಸರಿ ಇಲ್ಲ ಅನ್ಸಿದ್ರೆ ಡಾಕ್ಟರ್‌ನ ಕರೀತೀವಿ. ಕಾರಣ ಗೊತ್ತಿರ್ಬೇಕು ಅಂತೇನಿಲ್ಲ. ಬೈಸ್ಕೋತೀವಿ ಅಷ್ಟೇ."

ಅವನಿಗೆ ಗೊತ್ತಿಲ್ಲದ ಒಂದು ವಿಷಯವಿತ್ತು. ನೊರೀನ್‌ಗೆ ಹೇಳಬೇಕಾದರೆ, ನಾನು ಎಣಿಸದೆ ಸಂಖ್ಯೆ ಬರೆದದ್ದನ್ನೂ ಹೇಳಬೇಕಾಗಿತ್ತು. ನನ್ನ ಕಾಂಟ್ರ್ಯಾಕ್ಟ್ ನವೆಂಬರಿನಲ್ಲಿ ಮುಗಿಯುತ್ತಿತ್ತು. ಅದು ಮುಂದುವರಿಯದಿದ್ದರೆ ಈ ದೇಶದಲ್ಲಿ ನಾನು ಉಳಿಯುವುದೇ ಅನುಮಾನವಿತ್ತು. ಗುರುವಾರ ಸುಮ್ಮನಿದ್ದೆ, ಶುಕ್ರವಾರವೂ ಸುಮ್ಮನಿದ್ದೆ. ಎರಡು ದಿನವೂ ಚಿತ್ರಗಳಲ್ಲಿ ಮೊದಲು ನೋಡುತ್ತಿದ್ದದ್ದು ಬಲ ಮೂಲೆಯನ್ನು. ಕೆಂಪು ಅಲ್ಲೇ ಇತ್ತು. ಹಿಮದ ಚಿತ್ರ ಬರಬಹುದೇ ಎಂದು ಕಾದೆ. ಅದು ಬರದಿದ್ದರೆ ನನ್ನ ಹಾಳೆ ಸುಳ್ಳು, ನಾನು ಬಾಯಿ ತೆರೆಯಬೇಕಾಗಿಲ್ಲ ಎಂದು ಲೆಕ್ಕ ಹಾಕಿದೆ. ಅದು ಬರಲಿಲ್ಲ. ಆದರೂ ನನಗೆ ನಿದ್ದೆ ಹತ್ತಲಿಲ್ಲ.

ಶನಿವಾರ ಬೆಳಿಗ್ಗೆ ನೊರೀನ್‌ಗೆ ಫೋನ್ ಮಾಡಿದೆ. ಡನ್ ಲಿಯರಿಯಲ್ಲಿ ನಾಯಿ ಸುತ್ತಾಡಿಸುತ್ತಿದ್ದೇನೆ, ಅಲ್ಲಿಗೇ ಬಾ ಎಂದರು. ರೈಲಿನಲ್ಲಿ ಹೋದೆ. ಕಡಲೊಳಗೆ ಚಾಚಿದ ಪಿಯರ್ ಕಟ್ಟೆಯ ಮೇಲೆ ಬಿಸಿಲಿತ್ತು, ಐಸ್‌ಕ್ರೀಮಿಗೆ ಸಾಲು ನಿಂತಿತ್ತು. ಗೋಡೆಯ ಬುಡದ ನೀರಿನಲ್ಲಿ ಒಂದು ಸೀಲ್ ತಲೆ ಎತ್ತಿ ನಮ್ಮನ್ನೇ ನೋಡುತ್ತಿತ್ತು. ಅಲ್ಲಿ ಸೀಲ್‌ಗಳು ಯಾವಾಗಲೂ ಇರುತ್ತವೆ. ಆದರೂ ನಾನು ಅದರ ಕಡೆ ತಿರುಗದೆ ಮಾತಾಡಿದೆ. ಎಲ್ಲ ಹೇಳಿದೆ: ೨೧೨, ಲಕೋಟೆ, ಲೆಪರ್ಡ್ ಸೀಲ್, ಬರದ ಹಿಮ, ಕೆಂಪಿಲ್ಲದ ಮೂಲೆ.

ಅವರು ನಡೆಯುವುದನ್ನು ನಿಲ್ಲಿಸಿ, "ಎಣಿಸದೆ ಬರೆದೆಯಾ?" ಎಂದರು.

"ಹೌದು. ಆರೇಳು ಚಿತ್ರಕ್ಕೆ."

"ಹಾಗಿದ್ರೆ ನಿನ್ನ ಎರಡು ತಿಂಗಳ ಎಣಿಕೇನೆಲ್ಲ ಮತ್ತೆ ಮಾಡಿಸ್ಬೇಕು. ಇಬ್ಬರ ಹತ್ರ. ಗೊತ್ತಾ ನಿಂಗೆ ಅದು ಎಷ್ಟು ಕೆಲಸ ಅಂತ?" ಅವರ ದನಿ ಏರಿತು. ಐಸ್‌ಕ್ರೀಮ್ ಸಾಲಿನವರು ತಿರುಗಿ ನೋಡಿದರು. ಅವರು ಎಣಿಕೆಯ ಬಗ್ಗೆಯೇ ಬೈದರು, ಬೈಯುತ್ತಲೇ ಇದ್ದರು, ಕ್ಯಾಬಿನ್ ಸುದ್ದಿ ಎತ್ತಲಿಲ್ಲ. ಕೊನೆಗೆ ನಾನೇ, "ಕೋಲಮ್‌ಗೆ ಹೇಳ್ತೀರಾ?" ಎಂದೆ.

"ಏನಂತ? ಎಣಿಸೋಕೆ ಸೋಮಾರಿತನ ಮಾಡಿದ ಹುಡುಗನಿಗೆ ಕೆಟ್ಟ ಫೋಟೋ ಕಾಣ್ತು ಅಂತನಾ?" ಎಂದು ನಾಯಿಯನ್ನು ಎಳೆದುಕೊಂಡು ಹೊರಟುಬಿಟ್ಟರು.

ಭಾನುವಾರ ಕೋಲಮ್ ಮತ್ತು ಜೊತೆಗಾರ ಕ್ಯಾಬಿನ್ ಸೇರಿದರೆಂದು ಸೋಮವಾರ ತಿಳಿಯಿತು. ಮಂಗಳವಾರದ ಚಿತ್ರಗಳಲ್ಲಿ ಅಲ್ಲಿ ಬಿರುಗಾಳಿ. ಬುಧವಾರದಿಂದ ಆ ಕೊಲ್ಲಿಯ ಚಿತ್ರ ಬರುವುದೇ ನಿಂತಿತು. ಅವರ ಸ್ಯಾಟಲೈಟ್ ಫೋನಿನಿಂದಲೂ ಸದ್ದಿಲ್ಲ. ನೊರೀನ್ ಆಫೀಸಿಗೆ ಬಂದು ಕೋಟು ತೆಗೆಯದೆ ಪರದೆಯ ಮುಂದೆ ಕೂರುತ್ತಿದ್ದರು. ಆ ದಿನಗಳಲ್ಲಿ ನಾನು ಅವರ ಕಣ್ಣಿಗೆ ಬೀಳದ ಹಾಗೆ ಗೋಡೆ ಬದಿಯಲ್ಲಿ ಓಡಾಡಿದೆ. ಅವರು ನನ್ನನ್ನು ಒಂದೇ ಒಂದು ಸಲ ನೇರವಾಗಿ ನೋಡಿದರು.

ಶನಿವಾರ ದ್ವೀಪದ ಮುಖ್ಯ ಶಿಬಿರದಿಂದ ಸುದ್ದಿ ಬಂತು. ಹಿಮನದಿಯ ಬುಡದಲ್ಲಿ ಕಲ್ಲುಮಣ್ಣಿನ ಒಡ್ಡಿನ ಹಿಂದೆ ನಿಂತಿದ್ದ ನೀರು ಗುರುವಾರ ಒಡ್ಡು ಒಡೆದು ಕಣಿವೆಯುದ್ದಕ್ಕೂ ನುಗ್ಗಿತ್ತು. ಕ್ಯಾಬಿನ್ ಕಡಲಿಗೆ ಹೋಗಿತ್ತು. ಇಬ್ಬರೂ ಬದುಕಿದ್ದರು. ಅವರು ಬುಧವಾರವೇ ಕ್ಯಾಬಿನ್ ಬಿಟ್ಟು ಮೇಲಿನ ಹುಲ್ಲುಗಾವಲಿನಲ್ಲಿ ಟೆಂಟ್ ಹಾಕಿಕೊಂಡಿದ್ದರು.

ನನ್ನ ಕಾಂಟ್ರ್ಯಾಕ್ಟ್ ಮುಂದುವರಿಯಲಿಲ್ಲ. ಅದು ನ್ಯಾಯವೇ. ಕೊನೆಯ ದಿನ ನೊರೀನ್ ಕೈ ಕುಲುಕಿ, "ನಾನು ಅವನಿಗೆ ಹೇಳಿದ್ದೆ. ಆ ಶನಿವಾರವೇ. ತೊರೆ ಬಗ್ಗೆ ಒಬ್ಬರಿಗೆ ಆತಂಕ ಇದೆ ಅಂತ" ಎಂದರು. ಬೇರೊಂದು ಕೆಲಸ ಸಿಕ್ಕಿ ನಾನು ಡಬ್ಲಿನ್‌ನಲ್ಲೇ ಉಳಿದೆ. ಮಾರ್ಚಿನಲ್ಲಿ ಕೋಲಮ್ ಮರಳಿದ ಮೇಲೆ ಅವರ ಮನೆಗೆ ಹೋಗಿದ್ದೆ. ಆಗ ನೊರೀನ್ ಅಡುಗೆಮನೆಯಲ್ಲಿದ್ದರು. ಕೋಲಮ್ ಹೇಳಿದ್ದೇ ಬೇರೆ. ಆ ಶನಿವಾರ ಹೆಂಡತಿ ಮಾತಾಡಿದ್ದು ಮನೆ ಬಿಸಿ ಮಾಡುವ ಬಾಯ್ಲರಿನ ರಿಪೇರಿ ಬಗ್ಗೆ ಮಾತ್ರ ಅಂತೆ. ಕ್ಯಾಬಿನ್ ಬಿಟ್ಟದ್ದಕ್ಕೆ ಕಾರಣ ಒಂದು ಸೀಲ್. ದಂಡೆಯಲ್ಲಿರಬೇಕಾದ ಭಾರಿ ಗಂಡು ಸೀಲೊಂದು ಮಂಗಳವಾರ ರಾತ್ರಿ ತೆವಳಿಕೊಂಡು ಬಂದು ಬಾಗಿಲಿಗೆ ಅಡ್ಡ ಬಿದ್ದಿತ್ತಂತೆ. ಬೆಳಿಗ್ಗೆ ಕಿಟಕಿಯಿಂದ ಹೊರಬಂದವರು, ಅದು ಏಳುವವರೆಗೆ ಮೇಲೆ ಇರೋಣ ಎಂದು ಟೆಂಟ್ ಹೊತ್ತು ಹೋದರಂತೆ. "ದೊಡ್ಡ ಜಿಗುಟು ಪ್ರಾಣಿ ಅದು" ಎಂದು ನಕ್ಕರು. ತಹಶೀಲ್ದಾರ್ ವಿಷಯ ನಾನು ಹೇಳಲಿಲ್ಲ. ಇಬ್ಬರಲ್ಲಿ ಯಾರ ನೆನಪು ಸರಿ ಎಂದು ಕೇಳುವ ಧೈರ್ಯವೂ ಬರಲಿಲ್ಲ.

ಕ್ಯಾಮೆರಾದ ಕಾರ್ಡು ಕೋಲಮ್ ಬಂದ ಹಡಗಿನಲ್ಲೇ ಬಂದಿತ್ತು. ಹಳೆಯ ಸಹೋದ್ಯೋಗಿಯೊಬ್ಬರು ಅದರ ಚಿತ್ರಗಳನ್ನು ನನಗೆ ತೋರಿಸಿದರು. ನಾನು ನೆನಪಿಟ್ಟುಕೊಂಡಿದ್ದ ಮೂರನೆಯ ಚಿತ್ರ ಅದರಲ್ಲಿತ್ತು, ಗುರುವಾರ ಮಧ್ಯಾಹ್ನದ್ದು. ಖಾಲಿ ದಂಡೆ, ಕೆಸರು ನೀರು, ಕಣಿವೆಯ ಕಡೆ ಮುಖ ಮಾಡಿ ನಿಂತ ಪೆಂಗ್ವಿನ್‌ಗಳು. ಮೂವರು ಎಣಿಸಿದ್ದಾರೆ: ೬೧, ೬೩, ೬೪. ಅರ್ಧದಷ್ಟು ಹುಲ್ಲಿನ ಮರೆಯಲ್ಲಿವೆ. ನಾನು ಎಣಿಸಿಲ್ಲ, ಎಣಿಸುವುದೂ ಇಲ್ಲ. ಮರಿಗಳು ಮುದುಡಿ ನಿಂತ ಹಿಮದ ಚಿತ್ರ ಮಾತ್ರ ಕಾರ್ಡಿನಲ್ಲಿ ಎಲ್ಲೂ ಇರಲಿಲ್ಲ.

ಲಕೋಟೆ ಕಳೆದುಹೋಯಿತು. ಮನೆ ಬದಲಿಸುವಾಗ ಹಳೆಯ ಕಾಗದಗಳ ಜೊತೆ ರದ್ದಿ ಹಾಕುವ ಹಸಿರು ಬಿನ್ನಿಗೆ ಹೋಗಿರಬೇಕು ಎಂದು ಪ್ರಸಾದ ಹೇಳುತ್ತಾನೆ. ಮೂರನೆಯ ಸಂಖ್ಯೆ ಏನಿತ್ತು ಎಂದು ಕೇಳಿದರೆ, "ಅರವತ್ತು ಚಿಲ್ರೆ ಇತ್ತು ಕಣೋ. ಅರವತ್ತೇಳಾ?" ಎನ್ನುತ್ತಾನೆ. ಮನೆ ಇಲ್ಲ ಎಂದು ಬರೆದದ್ದು ನೆನಪಿದೆಯಾ ಎಂದರೆ, "ಇತ್ತು ಅನ್ಸತ್ತೆ. ಎಷ್ಟು ಸಲ ಹೇಳಿದೀಯ ನೀನು ಆಮೇಲೆ, ಈಗ ಹೆಂಗೆ ಗೊತ್ತಾಗತ್ತೆ?" ಎನ್ನುತ್ತಾನೆ. ಅವನನ್ನು ದೂರುವಂತಿಲ್ಲ. ಚಿಕ್ಕಮ್ಮನಿಗೆ ನಾನು ಕೇಳುತ್ತಿದ್ದ ಪ್ರಶ್ನೆ ಈಗ ನನಗೇ ಬಂದಿದೆ. ಬರೆದಿಟ್ಟಿದ್ದೆ, ಆದರೆ ಕೈಯಲ್ಲಿ ಹಾಳೆಯಿಲ್ಲ.

ನೆನಪನ್ನು ನಂಬದವನಿಗೆ ಉಳಿದ ದಾರಿ ಒಂದೇ. ಹೋದ ವರ್ಷ ನೊರೀನ್‌ಗೆ ಪತ್ರ ಬರೆದು, ನಾನು ಎಣಿಸದೆ ಸಂಖ್ಯೆ ಬರೆದ ಆ ಮೊದಲ ಚಿತ್ರದ ದಾಖಲೆ ಸಿಗಬಹುದೇ ಎಂದು ಕೇಳಿದೆ. ಎಣಿಕೆಗೆ ಕೊಟ್ಟ ಪ್ರತಿ ಚಿತ್ರವನ್ನು ನಾವು ತೆರೆದ ಸಮಯ, ಮುಚ್ಚಿದ ಸಮಯ ಎರಡನ್ನೂ ಆ ಸಾಫ್ಟ್‌ವೇರ್ ಬರೆದಿಡುತ್ತಿತ್ತು. ಅದನ್ನು ಯಾರೂ ನೋಡುತ್ತಿರಲಿಲ್ಲ. ಅವರು ಬೇರೇನೂ ಬರೆಯದೆ ಮೂರು ಸಾಲು ಕಳಿಸಿದರು. ನನ್ನ ಹೆಸರಿನ ಮುಂದೆ: ಚಿತ್ರ ಹಿಂದಿನ ದಿನದ್ದು, ಮೊದಲ ಸಲ ತೆರೆದದ್ದು, ತೆಗೆದುಕೊಂಡ ಸಮಯ ಒಂಬತ್ತು ಸೆಕೆಂಡು, ಸಂಖ್ಯೆ ೨೧೨. ಕೆಳಗಿನ ಎರಡು ಸಾಲು, ನನ್ನ ತಪ್ಪಿನಿಂದಾಗಿ ಅದನ್ನು ಮತ್ತೆ ಎಣಿಸಬೇಕಾಗಿ ಬಂದ ಇಬ್ಬರದು. ಒಬ್ಬರು ಹನ್ನೊಂದು ನಿಮಿಷ ತೆಗೆದುಕೊಂಡಿದ್ದಾರೆ, ಇನ್ನೊಬ್ಬರು ಹದಿನಾಲ್ಕು. ಇಬ್ಬರ ಸಂಖ್ಯೆಯೂ ೨೧೨.